ಸುಣ್ಣದ ಗೆರೆಯ ಮನೆ

ಅವರ ರುಮಾಲು ಕೆಂಪೋ ಕೇಸರಿಯೋ, ಈಗ ಆಣೆ ಮಾಡಿ ಹೇಳಲಾರೆ. ಎಪ್ಪತ್ತರ ದಶಕದ ಸೊಲ್ಲಾಪುರ. ಪೇಟೆ ನಡುವಿನ ಸರಕಾರಿ ಸೈಕಲ್ ಸ್ಟ್ಯಾಂಡನ್ನು ಅವರು ಕಾಯುತ್ತಿದ್ದರು. ನಾನು ಸೈಕಲ್ ಬಿಟ್ಟು ಕಾಲೇಜಿನ ಬಸ್ಸಿಗೆ ಹೊರಟರೆ ಸೀಟಿನ ಮೇಲೆ ಅಂಗೈ ಸವರಿ, "ಹೋಗಿ ಬಾ ತಂಗಿ, ಇಟ್ಟದ್ದು ಇಟ್ಟಲ್ಲೇ ಇರ್ತೈತಿ" ಎನ್ನುತ್ತಿದ್ದರು.

ಆ ಜಾಗದಲ್ಲಿ ಸರಕಾರ ಮನೆ ಕಟ್ಟಿ ಹಂಚುತ್ತದೆಂದು ಸುದ್ದಿಯಾದಾಗ ಅವರು ಹೋಗಲಿದ್ದ ಕೆಲಸಕ್ಕಾಗಿ ಮರುಗಲಿಲ್ಲ. ಹೆಂಡತಿ ಅಕ್ಕಲಕೋಟೆಯಲ್ಲಿ ತನ್ನ ತಮ್ಮನ ಆಶ್ರಯದಲ್ಲಿದ್ದಳು. ಒಂದು ಖೋಲಿ, ಒಂದೇ ಕೋಣೆಯ ಮನೆಯಾದರೂ ಸರಿ, ಸಿಕ್ಕರೆ ಕರೆತರಬಹುದಿತ್ತು. ನನ್ನಿಂದ ಮರಾಠಿಯಲ್ಲಿ ಅರ್ಜಿ ಬರೆಸಿದರು. ಮನೆ ಹಂಚುವ ಕಚೇರಿಯಲ್ಲಿ ನನ್ನ ಕಾಕಾ ಗುಮಾಸ್ತರು. ಅರ್ಜಿಯನ್ನು ಅವರ ಕೈಗೇ ಕೊಟ್ಟೆ.

ಪಾಯಕ್ಕೆ ಸುಣ್ಣದ ಗೆರೆ ಎಳೆದ ಮರುದಿನ, ಸೈಕಲ್ ತಳ್ಳುತ್ತ ಮೂಲೆಯ ಖೋಲಿಯ ಗೆರೆ ದಾಟಿದೆ. ಸ್ಟ್ಯಾಂಡಿನವರು ಅಡ್ಡ ಬಂದರು.

"ಗ್ವಾಡಿ ಒಳಗಿಂದ ಬರ್ತಾರೇನ? ಮತ್ತ ಕಾಲೇಜ್ ಕಲತಾಕಿ. ಬಾಗಲಿಲೇ ಬಾ."

ಗೆರೆ ಬಿಟ್ಟಿದ್ದ ಕಡೆಯಿಂದ ಸುತ್ತಿ ಬಂದೆ.

"ಅಲ್ಲಿ ನಿಂದರಸಬ್ಯಾಡ. ಅದು ಒಲಿ ಜಾಗಾ, ನಮ್ಮಾಕಿ ಬೈತಾಳ."

ಮನೆಗಳೆದ್ದವು. ಮೂಲೆಯ ಖೋಲಿ ಕಾಕಾನಿಗೆ ಸಿಕ್ಕಿತು. ಒಲೆಯನ್ನು ಸ್ಟ್ಯಾಂಡಿನವರು ತೋರಿಸಿದ ಜಾಗದಲ್ಲೇ ಕಾಕಾ ಹೂಡಿದರು. ಸ್ಟ್ಯಾಂಡಿನವರನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಈಗಲೂ ಆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಯಾರಾದರೂ "ಇಟ್ಟಲ್ಲೇ ಇರ್ತೈತಿ" ಎನ್ನಲಿ ಅನಿಸುತ್ತದೆ.

ರುಮಾಲಿನ ಬಣ್ಣ ಮರೆತವಳ ನೆನಪನ್ನು ಎಷ್ಟು ನಂಬಬೇಕು? ಅದಕ್ಕೇ ಮೊನ್ನೆ ಚಹಾ ಕುಡಿಯುತ್ತಿದ್ದ ಕಾಕಾನನ್ನು ಕೇಳಿದೆ: "ಕಾಕಾ, ಆವತ್ತು ನಾ ಕೊಟ್ಟ ಅರ್ಜಿ ನೀವು ಮುಂದ ಕೊಟ್ಟಿದ್ರಿಲ್ಲೋ?"

ಬಶಿಯಲ್ಲಿದ್ದ ಚಹಾ ಆರಿತು. ಕಾಕಾ ಎದ್ದು ಅದನ್ನು ಅದೇ ಒಲೆಯ ಮೇಲೆ ಮತ್ತೆ ಬಿಸಿಗಿಟ್ಟರು.