ಡಾಟಿಯ ಬೆನ್ನಿನ ನೀಲಿ ಗುರುತು

ವಿರ್ರಬಿಲ್ಲಾ ಎಂಬ ಊರಿನಲ್ಲಿ ಮರ್ವ್ ಪ್ಯಾಸ್ಕೋನನ್ನು ಎಲ್ಲರೂ ಕರೆಯುತ್ತಿದ್ದದ್ದು ಕುರಿ ಸೂಲಗಿತ್ತಿ ಎಂದೇ. ನಲವತ್ತು ವರ್ಷ ಕುರಿ ಸಾಕಿದವನು. ಅಡ್ಡ ತಿರುಗಿದ ಮರಿ, ಹಿಂಗಾಲು ಮೊದಲು ಬಂದ ಮರಿ, ಎಂಟು ಕಾಲು ಒಂದಕ್ಕೊಂದು ತೊಡರಿಕೊಂಡ ಅವಳಿ ಮರಿಗಳು, ಏನೇ ಇರಲಿ, ಪಾತ್ರೆ ತೊಳೆಯುವ ಸೋಪನ್ನು ಮೊಣಕೈವರೆಗೆ ಬಳಿದುಕೊಂಡು, ಆಕಾಶ ನೋಡುತ್ತಾ ಕೈ ಹಾಕಿದನೆಂದರೆ ಮರಿ ಹೊರಗೆ ಬಂದ ಹಾಗೆಯೇ. ಆಕಾಶ ಯಾಕೆ ನೋಡುತ್ತೀ ಎಂದು ಯಾರಾದರೂ ಕೇಳಿದರೆ, "ಕೆಲಸ ಮಾಡೋದು ಬೆರಳು. ಕಣ್ಣು ಸುಮ್ನೆ ಅಡ್ಡ ಬರತ್ತೆ" ಎನ್ನುತ್ತಿದ್ದ.

ಮಂಡಿ ಕೈಕೊಟ್ಟ ಮೇಲೆ ಎರಡು ವರ್ಷದ ಹಿಂದೆ ಕುರಿಗಳನ್ನೆಲ್ಲ ಮಾರಿದ. ಉಳಿದದ್ದು ಖಾಲಿ ಉಣ್ಣೆ ಷೆಡ್ಡು, ಕುರಿಯಿಲ್ಲದೆ ಕೋಳಿಗಳನ್ನು ಸಾಲಾಗಿ ನಿಲ್ಲಿಸಲು ಹೆಣಗುವ ಮೇಜರ್ ಎಂಬ ಕೆಲ್ಪಿ ಜಾತಿಯ ಕುರಿನಾಯಿ, ಹೆಂಡತಿ ಬೆರಿಲ್, ಮತ್ತು ಬೆರಿಲ್‌ಳ ಮಡಿಲಿನ ಹೆಣ್ಣುನಾಯಿ ಡಾಟಿ. ಡಾಟಿ ಫಾಕ್ಸ್ ಟೆರಿಯರ್ ಜಾತಿಯಲ್ಲೇ ತೀರ ಚಿಕ್ಕದು, ಒಂದು ಬ್ರೆಡ್ಡಿನಷ್ಟು ಉದ್ದ. ಅವಳಿಗೆ ಬೆರಿಲ್ ಬಿಟ್ಟರೆ ಪ್ರಪಂಚದಲ್ಲಿ ಇನ್ಯಾರೂ ಲೆಕ್ಕಕ್ಕಿರಲಿಲ್ಲ.

ಇಂಥ ಮನೆಯಲ್ಲಿ ಕೈಗೆ ಕೆಲಸವಿಲ್ಲದೆ ಕುಳಿತ ಸೂಲಗಿತ್ತಿಗೆ ಒಂದು ಬೆಳಿಗ್ಗೆ ಜ್ಞಾನೋದಯವಾಯಿತು. ಮೇಜರ್‌ನ ಬುದ್ಧಿ, ಡಾಟಿಯ ಗಾತ್ರ, ಎರಡೂ ಒಂದೇ ನಾಯಿಯಲ್ಲಿ ಸೇರಿದರೆ? ಮೋಟಾರ್ ಬೈಕಿನ ಟ್ಯಾಂಕಿನ ಮೇಲೆ ಕೂರುವ ಕುರಿನಾಯಿ. ಇಡೀ ಜಿಲ್ಲೆ ಬಂದು ಬಾಗಿಲು ತಟ್ಟುತ್ತದೆ ಎಂದುಕೊಂಡ.

"ಡಾಕ್ಟ್ರನ್ನ ಕೇಳು. ಅವರು ಹೂಂ ಅಂದ್ರೆ ನಂದೂ ಹೂಂ" ಎಂದಳು ಬೆರಿಲ್.

"ಕೇಳ್ತೀನಿ ಬಿಡು."

ಪಶುವೈದ್ಯೆ ಫಿಯೋನಾ ಲಿಂಚ್‌ರ ಆಸ್ಪತ್ರೆ ಎರಡು ಗಂಟೆಯ ದಾರಿ. ಹೆಂಡದಂಗಡಿ ಎರಡು ನಿಮಿಷದ ದಾರಿ. ಮರ್ವ್ ಹೆಂಡದಂಗಡಿಯ ಕೋಲ್‌ನನ್ನು ಕೇಳಿದ.

"ಏನಾಗತ್ತೆ ಮಾರಾಯ? ಸಾವಿರಾರು ಮರಿ ಎಳೆದ ಕೈ ನಿಂದು. ನಾಯಿ ಏನು, ಸಣ್ಣ ಕುರಿ ಅಷ್ಟೆ, ಬೊಗಳತ್ತೆ" ಎಂದ ಕೋಲ್.

ಮರ್ವ್ ಮನೆಗೆ ಬಂದು, "ಕೇಳಿದೆ, ಏನೂ ತೊಂದ್ರೆ ಇಲ್ವಂತೆ" ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಈಗ ಕುರಿ ಸಾಕುವವರ ಒಂದು ಪದ್ಧತಿ ಹೇಳಬೇಕು. ಟಗರನ್ನು ಹಿಂಡಿಗೆ ಬಿಡುವಾಗ ಅದರ ಎದೆಗೆ ಚರ್ಮದ ಪಟ್ಟಿ ಬಿಗಿದು, ಪಟ್ಟಿಗೆ ಬಣ್ಣದ ಮೇಣದ ಬಳಪ ಸಿಕ್ಕಿಸುತ್ತಾರೆ. ಟಗರು ಹತ್ತಿದ ಕುರಿಯ ಬೆನ್ನಿಗೆ ಬಣ್ಣ ಮೆತ್ತಿಕೊಳ್ಳುತ್ತದೆ. ಯಾವ ಕುರಿ ಯಾವ ದಿನ, ಯಾವಾಗ ಈಯುತ್ತದೆ, ಎಲ್ಲ ನೋಡಿದರೆ ಗೊತ್ತು. ಮರ್ವ್ ಹಳೆಯ ಎದೆಪಟ್ಟಿಯೊಂದನ್ನು ತೆಗೆದು, ಅರ್ಧಕ್ಕೆ ಕತ್ತರಿಸಿ, ತನ್ನ ಸೊಂಟದ ಬೆಲ್ಟನ್ನು ಅದಕ್ಕೆ ಹೊಲಿದು ಮೇಜರ್‌ಗೆ ತೊಡಿಸಿದ. ನೀಲಿ ಬಳಪ ಸಿಕ್ಕಿಸಿದ. ಬೆಲ್ಟಿಲ್ಲದೆ ಅಷ್ಟೂ ದಿನ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಓಡಾಡಿದ.

ಡಾಟಿ ಬೆದೆಗೆ ಬಂದಿದ್ದಳು. ಮೇಜರ್ ಮಾತ್ರ ಡಾಟಿಯೊಂದನ್ನು ಬಿಟ್ಟು ಊರನ್ನೆಲ್ಲ ನೀಲಿ ಮಾಡಿದ. ಅಂಚೆ ತಂದ ಗ್ವೆನ್‌ಳ ಬಿಳಿ ಕಾಲುಚೀಲ ನೀಲಿ. ಪಾದ್ರಿಗಳ ಕಾರಿನ ಬಾಗಿಲು ನೀಲಿ. ಗ್ಯಾಸ್ ಸಿಲಿಂಡರ್ ನೀಲಿ. ಬಿಸಿಲಿಗೆ ಕರಗಿದ ಬಳಪದಲ್ಲೇ ಸೋಫಾದ ಮೇಲೆ ಉರುಳಾಡಿದ, ಅದೂ ನೀಲಿ. ಗ್ವೆನ್ ಎರಡು ದಿನ ಕಾಗದಗಳನ್ನು ಗೇಟಿನಾಚೆಯಿಂದಲೇ ಎಸೆದು ಹೋದಳು.

ಮಂಗಳವಾರ ಮಧ್ಯಾಹ್ನ ಮೇಜರ್ ಷೆಡ್ಡಿನ ಹಿಂದಿನಿಂದ ಬಂದಾಗ ಪಟ್ಟಿ ತಿರುಗಿಹೋಗಿ ಬಳಪ ಅವನ ಬೆನ್ನ ಮೇಲಿತ್ತು. ಅವನ ಹಿಂದೆ ಡಾಟಿ ಮೈ ಕೊಡವಿಕೊಳ್ಳುತ್ತಾ ಬಂದಳು. ಮರ್ವ್ ಪಟ್ಟಿಯನ್ನು ಸರಿಯಾಗಿ ತಿರುಗಿಸಿ, ಡಾಟಿಯ ಬೆನ್ನು ನೋಡಿದ. ಬಣ್ಣವಿಲ್ಲ. ಏನೂ ನಡೆದಿಲ್ಲ ಎಂದು ತೀರ್ಮಾನಿಸಿ ಒಳಗೆ ಹೋದ. ಒಂಬತ್ತು ದಿನದ ಮೇಲೆ, ಗುರುವಾರ, ಡಾಟಿಯ ಬೆನ್ನಿನ ಮೇಲೆ ಅಂಗೈಯಗಲ ನೀಲಿ ಗುರುತು ಕಂಡಿತು. ಮರ್ವ್ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ದೊಡ್ಡ ಸುತ್ತು ಹಾಕಿ, ಅಲ್ಲಿಂದ ನಾಯಿಯ ಗಬ್ಬದ ಅರವತ್ತಮೂರು ದಿನ ಎಣಿಸಿ ಇನ್ನೊಂದು ಸುತ್ತು ಹಾಕಿದ.

"ಅವಳು ದಿನಾ ಸೋಫಾ ಮೇಲೆ ಮಲಗ್ತಾಳೆ, ಸೋಫಾ ಪೂರ್ತಿ ನೀಲಿ" ಎಂದಳು ಬೆರಿಲ್.

"ನಲವತ್ತು ವರ್ಷದಿಂದ ಬಣ್ಣ ಓದ್ತಾ ಇದೀನಿ ಬೆರಿಲ್."

ಡಾಟಿಯ ಹೊಟ್ಟೆ ಬೆಳೆಯಿತು. ಗುಂಡಗೆ ಬೆಳೆಯುವ ಬದಲು ಒಂದೇ ಕಡೆ, ಚೀಲದಲ್ಲಿ ಕುಂಬಳಕಾಯಿ ಹಾಕಿದ ಹಾಗೆ ಬೆಳೆಯಿತು. ಬೆರಿಲ್ ವಾರಕ್ಕೊಮ್ಮೆ ಕೇಳುತ್ತಿದ್ದಳು: "ಒಂದ್ಸಲ ಡಾಕ್ಟ್ರಿಗೆ ತೋರಿಸೋಣ್ವಾ?" ಮರ್ವ್ ಎರಡು ಬೆರಳಿನಿಂದ ಹೊಟ್ಟೆ ಒತ್ತಿ, ಆಕಾಶ ನೋಡಿ, "ಮೂರು. ನಾಲ್ಕೂ ಇರಬಹುದು" ಎನ್ನುತ್ತಿದ್ದ.

ಅವನು ಹಟಮಾರಿ ಎಂದು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ನಿಜವಾಗಿ ಅವನಿಗೆ ಭಯವಿತ್ತು. ಕುರಿ ಮಾರಿದ ಮೇಲೆ ಅವನ ಹತ್ತಿರ ಉಳಿದಿದ್ದದ್ದು ಆ ಹೆಸರೊಂದೇ. ಕುರಿ ಸೂಲಗಿತ್ತಿ ಹೋಗಿ ಮೂವತ್ತು ವರ್ಷದ ಡಾಕ್ಟರ ಮುಂದೆ, ನನಗೆ ಗೊತ್ತಾಗುತ್ತಿಲ್ಲ ತಾಯಿ ಎಂದು ನಿಂತರೆ, ಆಮೇಲೆ ತಾನು ಯಾರು? ಮಂಡಿನೋವಿನ ಮುದುಕ, ಅಷ್ಟೆ. ಆದರೆ ಆ ಹೆಸರಿಗೆ ಪಣವಾಗಿದ್ದದ್ದು ಡಾಟಿಯ ಜೀವ. ಅದು ಬೆರಿಲ್‌ಗೆ ಗೊತ್ತಿತ್ತು.

ಕ್ಯಾಲೆಂಡರಿನ ಎರಡನೆಯ ಸುತ್ತು ಬರಲು ಇನ್ನೂ ಒಂಬತ್ತು ದಿನವಿತ್ತು. ಆ ಬೆಳಿಗ್ಗೆ ಡಾಟಿ ತಿಂಡಿ ಮುಟ್ಟಲಿಲ್ಲ. ಮರ್ವ್‌ನ ಭಾನುವಾರದ ಹ್ಯಾಟಿನೊಳಗೆ ಹೊಕ್ಕು, ಅದನ್ನು ಪರಪರ ಕೆರೆದು, ನಾಲಗೆ ಚಾಚಿ ಏದುಸಿರು ಬಿಡತೊಡಗಿದಳು.

"ಇದು ಹೆರಿಗೆ ನೋವು" ಎಂದಳು ಬೆರಿಲ್.

"ಇನ್ನೂ ಒಂಬತ್ತು ದಿನ ಇದೆ. ಇದು ಗ್ಯಾಸು."

"ಗ್ಯಾಸಿಗೆ ಯಾರಾದ್ರೂ ಹ್ಯಾಟಲ್ಲಿ ಗೂಡು ಕಟ್ತಾರಾ?"

ಮರ್ವ್ ಒಂದು ಚಮಚ ಎಣ್ಣೆ ಕುಡಿಸಿದ. ಡಾಟಿ ಅದನ್ನು ಹ್ಯಾಟಿಗೇ ವಾಪಸು ಕೊಟ್ಟಳು. ಬೆರಿಲ್ ಅವನಿಗೆ ಹೇಳದೆ ಒಳಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಅದೃಷ್ಟಕ್ಕೆ ಮುಕ್ಕಾಲು ಗಂಟೆ ದೂರದ ಒಂದು ಫಾರ್ಮಿನಲ್ಲಿ ಹಸುಗಳ ಗಬ್ಬ ನೋಡುತ್ತಿದ್ದರು.

ಹತ್ತು ಗಂಟೆಗೆ ಡಾಟಿ ತಿಣುಕತೊಡಗಿದಳು. ಹತ್ತೂವರೆಯಾದರೂ ಮರಿ ಇಲ್ಲ. ಆಮೇಲೆ ಹಸಿರು ನೀರು ಕಂಡಿತು. ಮರ್ವ್ ಕ್ಯಾಲೆಂಡರನ್ನೊಮ್ಮೆ, ಹಸಿರನ್ನೊಮ್ಮೆ ನೋಡಿದ. ಏನೋ ಕೆಟ್ಟಿದೆ ಎಂಬುದು ಅವನಿಗೂ ತಿಳಿಯಿತು. ಅಂಗಿಯ ತೋಳು ಮಡಿಚಿದ. ಮೊಣಕೈವರೆಗೆ ಸೋಪು ಬಳಿದುಕೊಂಡ. ಡಾಟಿಯ ಮುಂದೆ ಮಂಡಿಯೂರಿ, ಅಭ್ಯಾಸಬಲದಿಂದ ಆಕಾಶ ನೋಡಿದ. ಆಮೇಲೆ ಕೆಳಗೆ ನೋಡಿದ.

ಆ ಕೈ ಡಾಟಿಯ ಇಡೀ ಹಿಂಭಾಗಕ್ಕಿಂತ ಅಗಲವಿತ್ತು. ಹೆಬ್ಬೆರಳಂತೂ ಅವಳ ಬಾಲಕ್ಕಿಂತ ದಪ್ಪ. ಸೋಪಿನ ನೊರೆ ತೊಟ್ಟಿಕ್ಕುವ ಆ ಎರಡು ಕೈಗಳನ್ನು ಎತ್ತಿ ಹಿಡಿದುಕೊಂಡೇ ಮರ್ವ್ ಸುಮ್ಮನೆ ಕೂತುಬಿಟ್ಟ. ಡಾಟಿ ಅವನನ್ನೇ ನೋಡುತ್ತಿದ್ದಳು.

"ಬೆರಿಲ್," ಎಂದ, "ನಂಗೆ ಗೊತ್ತಾಗ್ತಾ ಇಲ್ಲ ಕಣೆ. ಡಾಕ್ಟ್ರಿಗೆ ಫೋನ್ ಮಾಡು."

"ಒಂಬತ್ತೂ ಮುಕ್ಕಾಲಿಗೇ ಮಾಡಾಯ್ತು" ಎಂದಳು ಬೆರಿಲ್. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಡಾಕ್ಟರು ಮೊಣಕಾಲುದ್ದದ ಬೂಟಿನಲ್ಲಿ, ಸೆಗಣಿ ಮೆತ್ತಿದ ಬಟ್ಟೆಯಲ್ಲೇ ಇಳಿದರು. ಡಾಟಿಯ ಹೊಟ್ಟೆ ಮುಟ್ಟಿ ನೋಡಿ, "ಮರಿ ತಲೆ ದಾರಿಗಿಂತ ದೊಡ್ಡದು. ಆಸ್ಪತ್ರೆ ಮುಟ್ಟೋವರೆಗೂ ಇವಳು ತಡೆಯಲ್ಲ, ಇಲ್ಲೇ ಕೊಯ್ಯಬೇಕು. ಸರಿಯಾದ ಮೇಜಿದೆಯಾ?" ಎಂದರು.

ಷೆಡ್ಡಿನಲ್ಲಿ ಉಣ್ಣೆ ಹರಡುವ ದೊಡ್ಡ ಮೇಜಿತ್ತು. ಬೆರಿಲ್ ಅದರ ಮೇಲೆ ಒಗೆದ ಹಾಸಿಗೆ ಬಟ್ಟೆ ಹಾಸಿದಳು. ಡಾಕ್ಟರು ಬಟ್ಟೆ ಬದಲಿಸಿ, ಕೈ ತಿಕ್ಕಿ ತೊಳೆದು, ಸೂಜಿ ಚುಚ್ಚುತ್ತಾ, "ಕೂಡಿದ್ದು ಯಾವ ದಿನ?" ಎಂದು ಕೇಳಿದರು.

ಮರ್ವ್ ದಿನ ಹೇಳಿದ. ಹೇಗೆ ಗೊತ್ತಾಯಿತು ಎಂದು ಕೇಳಿದರು. ಮರ್ವ್ ಅದನ್ನೂ ಹೇಳಿದ. ಡಾಕ್ಟರು ಡಾಟಿಯ ಹೊಟ್ಟೆಯ ಕೂದಲು ಬೋಳಿಸುವುದನ್ನು ನಿಲ್ಲಿಸಿ ಒಂದು ಕ್ಷಣ ಗೋಡೆ ನೋಡಿದರು.

"ಎದೆಪಟ್ಟಿ. ನಾಯಿಗೆ."

"ನೀಲಿ ಬಳಪ" ಎಂದ ಮರ್ವ್, ಬಣ್ಣ ಹೇಳಿದರೆ ಏನಾದರೂ ಉಪಯೋಗವಾದೀತು ಎಂಬಂತೆ.

"ರಕ್ತ ಪರೀಕ್ಷೆ ಮಾಡಿದ್ರೆ ದಿನ ಗೊತ್ತಾಗ್ತಿತ್ತು. ಎಕ್ಸ್‌ರೇ ತೆಗೆದಿದ್ರೆ ಮರಿ ಎಷ್ಟು, ತಲೆ ಎಷ್ಟು, ಅದೂ ಗೊತ್ತಾಗ್ತಿತ್ತು. ಅದಕ್ಕೂ ಮೊದಲೇ ಕೇಳಿದ್ರೆ, ಆ ದೊಡ್ಡ ನಾಯಿನ ಇವಳ ಹತ್ರ ಬಿಡಲೇಬೇಡಿ ಅಂತಿದ್ದೆ."

ಮರ್ವ್ ಒಗೆದ ಟವೆಲ್ಲುಗಳನ್ನು ತಂದು ಮೇಜಿನ ಪಕ್ಕ ಇಟ್ಟ.

ಮೊದಲು ಬಂದ ಮರಿ ಮೇಜರ್‌ನ ಪಡಿಯಚ್ಚು, ಅಗಲ ತಲೆಯ ದೊಡ್ಡ ಗಂಡು. ಅದರ ಜೀವ ಆಗಲೇ ಹೋಗಿತ್ತು. ಅದರ ಹಿಂದೆ ಇಲಿಯಷ್ಟು ಒಂದು ಹೆಣ್ಣು ಬಂತು. ಉಸಿರಿಲ್ಲ. ಡಾಕ್ಟರ ಎರಡೂ ಕೈ ಡಾಟಿಯ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದವು. "ಮರ್ವ್, ಇದು ನಿಮ್ಮದು, ತಗೊಳ್ಳಿ" ಎಂದರು.

ಮರ್ವ್ ಮರಿಯ ಹಿಂಗಾಲು ಹಿಡಿದು, ಉಸಿರು ಬರಿಸಲು ಕುರಿಮರಿಯನ್ನು ಬೀಸುವ ಹಾಗೆ ಬೀಸಲು ಕೈ ಎತ್ತಿದ.

"ಬೀಸಬೇಡಿ. ಮಿದುಳು ಕದಡಿಹೋಗತ್ತೆ. ಬಾಯಿ ಒರೆಸಿ, ಟವೆಲ್ಲಲ್ಲಿ ಉಜ್ಜಿ. ಬರೀ ಉಜ್ಜಿ."

ಮರ್ವ್ ಕೈ ಇಳಿಸಿದ. ನಲವತ್ತು ವರ್ಷದಲ್ಲಿ ಮೊದಲ ಸಲ ಹೇಳಿದಷ್ಟೇ ಮಾಡಿದ. ಬಾಯಿಯ ಲೋಳೆ ಒರೆಸಿದ, ಉಜ್ಜಿದ, ಉಜ್ಜುತ್ತಲೇ ಇದ್ದ. ಕೊನೆಗೆ, "ಡಾಕ್ಟ್ರೇ, ಮೂಗಿಗೆ ಒಂದು ಹುಲ್ಲುಕಡ್ಡಿ ಆಡಿಸ್ಲಾ? ಕುರಿಮರಿ ಅದಕ್ಕೆ ಸೀನತ್ತೆ" ಎಂದು ಕೇಳಿದ.

ಗಮನಿಸಿ, ಕೇಳಿದ.

"ತುದಿಯಲ್ಲಿ ಮಾತ್ರ, ಮೆತ್ತಗೆ" ಎಂದರು ಡಾಕ್ಟರು.

ಮರಿ ಸೀನಿತು. ಆಮೇಲೆ ಕಿಯ್ ಎಂದಿತು. ಮರ್ವ್ ಅದನ್ನು ಟವೆಲ್ ಸಮೇತ ಎದೆಗೊತ್ತಿಕೊಂಡು ಮುಚ್ಚುಮರೆಯಿಲ್ಲದೆ ಅತ್ತ. ಬೆರಿಲ್ ಮಾತ್ರ ಡಾಟಿಯ ತಲೆಯಿಂದ ಕೈ ತೆಗೆಯಲಿಲ್ಲ, ಅವನ ಕಡೆ ನೋಡಲೂ ಇಲ್ಲ.

ಡಾಟಿ ಉಳಿದಳು. ಡಾಕ್ಟರು ಅದೇ ಕೊಯ್ತದಲ್ಲಿ ಅವಳಿಗೆ ಮುಂದೆ ಮರಿಯಾಗದ ಹಾಗೆ ಮಾಡಿದರು. ಸತ್ತ ಮರಿಯನ್ನು ಮರ್ವ್ ನೀರಿನ ಟ್ಯಾಂಕಿನ ಪಕ್ಕ ಹೂತ, ಹ್ಯಾಟಿನೊಳಗಿಟ್ಟು.

"ಗುರುವಾರ ಮೇಜರ್‌ನ ಬೀಜ ತೆಗೆಸೋಕೆ ಕರ್ಕೊಂಡು ಹೋಗ್ತೀಯ" ಎಂದಳು ಬೆರಿಲ್, ಮೂರು ದಿನದ ಮೌನ ಮುರಿದು. "ಎದುರು ಮಾತಾಡಿದ್ರೆ, ಆ ಮೇಜಿನ ಮೇಲೆ ಇಬ್ಬರಿಗೆ ಜಾಗ ಇದೆ."

ಮರ್ವ್ ಎದುರು ಮಾತಾಡಲಿಲ್ಲ. ಉಳಿದ ಮರಿ ಈಗ ಬೈಕಿನ ಟ್ಯಾಂಕಿನ ಮೇಲೆ ಕೂರುವಷ್ಟೇ ಇದೆ, ಆದರೆ ಬೈಕು ಕಂಡರೆ ಹಾಸಿಗೆಯಡಿ ಸೇರುತ್ತದೆ, ನೆರೆಯವರ ಕುರಿ ಕಂಡರೂ ಅಷ್ಟೆ. ಕೋಳಿಯೊಂದು ಅದನ್ನು ದಿನವೂ ಸಾಲಿಗೆ ನಿಲ್ಲಿಸುತ್ತದೆ.

ಚಳಿಗಾಲದಲ್ಲಿ ಕೋಲ್ ತನ್ನ ಪಗ್ ಹೆಣ್ಣುನಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. "ನಿಂಗೀಗ ನಾಯಿ ಅನುಭವಾನೂ ಆಯ್ತಲ್ಲ ಮಾರಾಯ. ಆ ಎದೆಪಟ್ಟಿ ಒಂದ್ ವಾರ ಕೊಡು."

ಮರ್ವ್ ತನ್ನ ಕೈಯನ್ನು ಬಿಚ್ಚಿ ಪಗ್‌ನ ಹಿಂಭಾಗದ ಪಕ್ಕದಲ್ಲಿ ಹಿಡಿದ. "ಯಾವುದು ದೊಡ್ಡದು, ನೋಡಿ ಹೇಳು." ಕೋಲ್ ನೋಡಿದ. "ಹೂಂ. ಈಗ ಡಾಕ್ಟ್ರಿಗೆ ಫೋನ್ ಮಾಡು" ಎಂದು ಮರ್ವ್ ಷೆಡ್ಡಿನ ಬಾಗಿಲು ತೋರಿಸಿದ. ಅಲ್ಲಿ ನೀಲಿ ಬಳಪದಲ್ಲಿ ಮೊಳದುದ್ದದ ಅಂಕಿಗಳಲ್ಲಿ ನಂಬರ್ ಬರೆದಿತ್ತು.

ಡಾಟಿ ಮತ್ತೆ ಎಂದಿನ ಹಾಗಾಗಿದ್ದಾಳೆ. ಒಂದು ಮಾತ್ರ ಉಳಿದಿದೆ. ಮರ್ವ್ ಅಡುಗೆಮನೆಯಲ್ಲಿ ಕೈಗೆ ಸೋಪು ಹಾಕಿಕೊಂಡರೆ ಸಾಕು, ಅವಳು ನಡುಗುತ್ತಾ ಬೆರಿಲ್‌ಳ ಕುರ್ಚಿಯಡಿ ಸೇರುತ್ತಾಳೆ. ಅದಕ್ಕೇ ಮರ್ವ್ ಈಗ, ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಿರುವ, ಅಲ್ಲಿಯ ಚಳಿಗಾಲದ ಜುಲೈ ಬೆಳಗಿನಲ್ಲೂ, ಹೊರಗೆ ಟ್ಯಾಂಕಿನ ನಲ್ಲಿಯಲ್ಲಿ ಕೈ ತೊಳೆದು ಬರುತ್ತಾನೆ. ಹಾಗೆ ಮಾಡು ಎಂದು ಬೆರಿಲ್ ಹೇಳಿರಲಿಲ್ಲ. ಆದರೆ ಕಳೆದ ವಾರ ನಲ್ಲಿಯ ಪಕ್ಕ ಒಂದು ಮೊಳೆ ಹೊಡೆದು, ಅವನಿಗೊಂದು ಟವೆಲ್ ತೂಗುಹಾಕಿದ್ದಾಳೆ.