ನಂಬರ್ ಇಲ್ಲದ ದೋಣಿ

ವನಜಾಕ್ಷಿಗೆ ಕೋಪ ಬಂದರೆ ಮೊದಲು ಕೈ ಮಾತಾಡುತ್ತದೆ, ಬಾಯಿ ಆಮೇಲೆ. ನಾಗಪುರದ ಆರ್ಡನೆನ್ಸ್ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಮ್ಮ ಗೋಡೆಗೆ ಅವರ ಗೋಡೆ ಅಂಟಿಕೊಂಡಿತ್ತು, ಹಾಗಾಗಿ ಇದು ನಾನು ಕಿವಿಯಾರೆ ಕೇಳಿದ ಸಂಗತಿ. ಸೀತಾಬರ್ಡಿ ಪೇಟೆಯ ಸಂದಣಿಯಲ್ಲಿ ಸೊಂಟಕ್ಕೆ ಕೈ ಹಾಕಿದ ಒಬ್ಬನನ್ನು ಬಟ್ಟೆ ಅಂಗಡಿಯ ಅಳತೆ ಕೋಲು ಕಿತ್ತುಕೊಂಡು ಮೆಟ್ರೊ ಮೆಟ್ಟಿಲವರೆಗೂ ಬಾರಿಸಿಕೊಂಡು ಹೋದವಳು ಅವಳು. ಯಾರಿಂದಲಾದರೂ ಒಂದು ಏಟು ಬಿದ್ದರೆ ಎರಡು ಕೊಟ್ಟ ಮೇಲೇ ಮನೆಗೆ ಬರುವವಳು. ಗಂಡ ಗುಂಡಪ್ಪ ಲೇತ್ ಮೆಷಿನ್ನಿನ ಕೆಲಸಗಾರ, ಇರುವೆ ತುಳಿದರೂ ಮರುಗುವ ಪ್ರಾಣಿ. ದೇವರು ಒಂದು ಮನೆಗೆಂದು ಕೊಟ್ಟ ಖಾರವನ್ನೆಲ್ಲ ಒಬ್ಬರ ತಟ್ಟೆಗೇ ಸುರಿದಿದ್ದಾನೆ ಎಂದು ನಾನು ಛೇಡಿಸಿದರೆ ಅವಳು ಬಾಯ್ತುಂಬ ನಗುತ್ತಿದ್ದಳು.

ಕೃಷ್ಣೆಯ ದಂಡೆಯ ಅಂಬಿಗರ ಮನೆಯಲ್ಲಿ ಹುಟ್ಟಿದವಳು. ಗಂಡ ನಿವೃತ್ತನಾದ ವಾರವೇ ನಮ್ಮ ಜಗುಲಿಗೆ ಬಂದು ಕೂತಳು.

"ಚಿದಂಬರಣ್ಣಾರ, ಟಿವಿ ನೋಡ್ಕೋತ ಕುಂದ್ರಾಕ ನನ್ನ ಕೈಲೆ ಆಗೂದಿಲ್ರಿ. ನಮ್ಮಪ್ಪ ಹುಟ್ಟು ಹಾಕ್ತಿದ್ದ, ನಾನೂ ಹಾಕ್ತೀನಿ. ಊರ ಹೊರಗಿನ ಕೆರೀಗೆ ಐತವಾರ ಎಷ್ಟ್ ಮಂದಿ ಬರ್ತಾರ ನೋಡೀರಿಲ್ಲ?"

ಮಂದಿ ಬರುತ್ತಿದ್ದರು, ನಿಜ. ಆದರೆ ಆ ನೀರು ಬಬನ್ ಎಂಬವನದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಸರ್ಕಾರವೇನೂ ಅವನಿಗೆ ಬರೆದುಕೊಟ್ಟಿರಲಿಲ್ಲ, ಜನರ ಹೆದರಿಕೆ ಬರೆದುಕೊಟ್ಟಿತ್ತು. ಅವನ ದೋಣಿಗಳೆಲ್ಲ ಹಳದಿ ಬಣ್ಣದವು, ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು. ಒಂದಕ್ಕೂ ನೋಂದಣಿಯಿಲ್ಲ, ಒಂದರಲ್ಲೂ ಲೈಫ್ ಜಾಕೆಟ್ ಇಲ್ಲ. ಬೇರೆ ಯಾರಾದರೂ ದೋಣಿ ಇಳಿಸಬೇಕೆಂದರೆ ಅದಕ್ಕೂ ಹಳದಿ ಬಳಿದು ಅವನ ಸಾಲಿನಲ್ಲೇ ಕಟ್ಟಿ, ಗಳಿಕೆಯಲ್ಲಿ ಪಾಲು ಕೊಡಬೇಕು.

ವನಜಾಕ್ಷಿ ಹಸಿರು ಬಣ್ಣ ಬಳಿದಳು.

ಮೊದಲ ಭಾನುವಾರವೇ ಬಬನ್ನನ ಆಳುಗಳು ಕೊಡಲಿ ಹಿಡಿದು ಬಂದರು. ಗುಂಡಪ್ಪ ನೀರಿನಲ್ಲಿದ್ದ ದೋಣಿಯ ಮೇಲೆಯೇ ಕೈ ಮುಗಿದುಕೊಂಡು ಅಡ್ಡ ನಿಂತ. ಅವನದೇ ದೋಣಿಯ ಹುಟ್ಟಿನಿಂದ ಅವನ ಹೆಗಲಿಗೆ ಹೊಡೆದರು. ಎಲುಬು ಮುರಿದ ಸದ್ದು ದಂಡೆಯವರೆಗೂ ಕೇಳಿಸಿತಂತೆ. ಹಾಗೇ ನೀರಿಗೆ ನೂಕಿದರು. ಒಂದು ಕೈಯಲ್ಲಿ ಈಜಲಾಗದೆ ಮುಳುಗುತ್ತಿದ್ದವನನ್ನು ಶಾಮ ಎಂಬ ಅಲ್ಲಿಯ ಮೀನುಗಾರ ಹಾರಿ ಎಳೆದು ತಂದ, ಹೊತ್ತುಕೊಂಡು ಹೋಗಿ ಆಟೊದಲ್ಲಿ ಮಲಗಿಸಿದ. ಬಬನ್ನನ ಕಣ್ಣೆದುರಿಗೆ ಹಾಗೆ ಮಾಡಲು ಗುಂಡಿಗೆ ಬೇಕು. ಅಷ್ಟರಲ್ಲಿ ದೋಣಿ ಸೌದೆಯಾಗಿತ್ತು. ವನಜಾಕ್ಷಿ ಸುಮ್ಮನಿದ್ದಳೆಂದಲ್ಲ, ಒಬ್ಬನ ಕಿವಿ ಹಲ್ಲಿಗೆ ಸಿಕ್ಕಿತ್ತು. ಅದು ಪೂರ್ತಿ ಅವನ ಜೊತೆ ವಾಪಸು ಹೋಗಲಿಲ್ಲ.

ಠಾಣೆಗೆ ನಾನೂ ಹೋಗಿದ್ದೆ. ಹವಾಲ್ದಾರ ಹೊಡೆದಾಟ ಎಂದಷ್ಟೇ ಬರೆದುಕೊಂಡ. ದೋಣಿ ಒಡೆದದ್ದನ್ನು ಬರೆಯಲು ಒಪ್ಪಲಿಲ್ಲ.

"ನಂಬರ್ ಕಾಯ್ ಆಹೆ, ಬಾಯೀ?" ದೋಣಿಯ ನೋಂದಣಿ ನಂಬರ್ ಏನಮ್ಮಾ ಎಂದು ಮರಾಠಿಯಲ್ಲಿ ಕೇಳಿದ. ನಂಬರ್ ಇರಲಿಲ್ಲ. "ನಂಬರ್ ನಹೀ ತೊ ಬೋಟ್ ನಹೀ. ಅದು ಬರೀ ಕಟ್ಟಿಗೆ. ಕಟ್ಟಿಗೆ ಮುರಿದರೆ ಎಂಥಾ ತಕ್ರಾರು?"

ಅವಳು ಅವನನ್ನು ಹೊಡೆಯಲಿಲ್ಲ ಎಂಬುದೇ ನನಗೆ ಆಶ್ಚರ್ಯ. ಹೊರಗೆ ಬಂದು ಹೇಳಿದಳು: "ನಂಬರ್ ತಗೊಂಡ ಬರ್ತೀನ್ರಿ ಅಣ್ಣಾರ. ಆಮ್ಯಾಲೆ ನನ್ನ ದೋಣಿ ಮುಟ್ಟಿ ನೋಡ್ಲಿ."

ಅಲ್ಲಿಂದ ಅವಳಿಗೆ ಅದೊಂದೇ ಧ್ಯಾನ. ಕೈಬಳೆ ಮಾರಿ ಎರಡನೆಯ ದೋಣಿ ಕಟ್ಟಿಸಿದಳು, ಕಟ್ಟಿಸಿದ್ದನ್ನು ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ ಇಟ್ಟುಕೊಂಡು ಪಕ್ಕದಲ್ಲೇ ಕೊಡಲಿ ಹಿಡಿದು ಮಲಗಿದಳು. ದೋಣಿ ನೋಂದಣಿಯ ಕಚೇರಿಯಲ್ಲಿ ಅರ್ಜಿ, ಫೋಟೊ, ದೋಣಿ ಕಟ್ಟಿದವನ ಸರ್ಟಿಫಿಕೇಟು, ವಿಮೆ. ಒಂದು ಕೊಟ್ಟರೆ ಇನ್ನೊಂದು ಕೇಳುತ್ತಿದ್ದರು. ಕೊನೆಗೆ ದೋಣಿ ಪರೀಕ್ಷಿಸುವ ಸರ್ವೇಯರ್ ಬರುವ ದಿನ ಗೊತ್ತಾಯಿತು. ದೋಣಿ ನೀರಿನಲ್ಲಿರಬೇಕು, ಎಷ್ಟು ಜನರಿಗೆ ಪರವಾನಗಿ ಬೇಕೋ ಅಷ್ಟು ಜನರ ತೂಕದ ಮರಳು ಚೀಲಗಳನ್ನು ಒಂದೇ ಬದಿಗೆ ಪೇರಿಸಬೇಕು. ಎಷ್ಟು ವಾಲುತ್ತದೆಂದು ಅವನು ಅಳೆಯುತ್ತಾನೆ. ಆವತ್ತು ತಪ್ಪಿದರೆ ಮತ್ತೆ ಮಳೆಗಾಲ ಕಳೆದ ಮೇಲೆಯೇ.

ಆ ದಿನ ಬೆಳಿಗ್ಗೆ ಅವಳು ದೋಣಿ ಸಾಗಿಸಿಕೊಂಡು ಹೋಗಿ ನೋಡಿದರೆ ಹಿಂದಿನ ದಿನವೇ ದಂಡೆಯಲ್ಲಿಟ್ಟಿದ್ದ ಚೀಲಗಳನ್ನೆಲ್ಲ ಸೀಳಿ ಮರಳನ್ನು ನೀರಿಗೆ ಚೆಲ್ಲಿದ್ದರು. ಕಾವಲಿಗಿಟ್ಟಿದ್ದ ಮುದುಕ ಬಾಯಲ್ಲಿ ಬಟ್ಟೆ ತುರುಕಿಸಿಕೊಂಡು ಮರಕ್ಕೆ ಕಟ್ಟಿಸಿಕೊಂಡಿದ್ದ.

ವನಜಾಕ್ಷಿ ನನಗೆ ಫೋನ್ ಮಾಡಿದಳು. "ಮರಳ ಇಲ್ಲಂದ್ರ ಏನಾತು, ಮಂದಿ ಅದೀರಲ್ಲ. ಕಾಲೊನಿಯಾಗಿನ ಕನ್ನಡದವ್ರನ್ನೆಲ್ಲ ಜಲ್ದಿ ಕರ್ಕೊಂಡ ಬರ್ರಿ. ದಪ್ಪ ಇದ್ದವ್ರನ್ನ ಮೊದಲ ಕರೀರಿ."

ನನ್ನ ಹೆಂಡತಿ ಇಂದುಮತಿ, ಭಜನಾ ಮಂಡಳಿಯ ಹೆಂಗಸರು, ಬಾಗಿಲ ಎರಡೂ ಕದ ತೆರೆದರೂ ಹಿಡಿಸದ ಸೋಮಣ್ಣ, ಎಲ್ಲರೂ ಹೊರಟೆವು. ಸರ್ವೇಯರ್ ಗುಜರಿಯವನ ತಕ್ಕಡಿ ತರಿಸಿ ನಮ್ಮನ್ನು ಒಬ್ಬೊಬ್ಬರನ್ನಾಗಿ ತೂಗಿಸಿದ. ಇಂದುಮತಿ ತನ್ನ ತೂಕವನ್ನು ಜೋರಾಗಿ ಹೇಳಬಾರದೆಂದು ಷರತ್ತು ಹಾಕಿಯೇ ಹತ್ತಿದ್ದು. ಎಲ್ಲರೂ ದೋಣಿಯ ಎಡಗಡೆಗೆ ಒತ್ತೊತ್ತಾಗಿ ಕೂತೆವು, ಅದು ವಾಲಿತು, ಸರ್ವೇಯರ್ ಮೊಣಕಾಲುದ್ದ ನೀರಿನಲ್ಲಿ ನಿಂತು ಅಳತೆಪಟ್ಟಿ ಹಿಡಿದ.

ಆಗ ದಂಡೆಯಿಂದ ಬಬನ್ನನ ಆಳುಗಳು ಎಸೆದ ಕಲ್ಲುಗಳು ಬೀಳತೊಡಗಿದವು. ಮೊದಲನೆಯದು ನನ್ನ ಹುಬ್ಬು ಸೀಳಿತು. ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳಲು ಕೈ ಎತ್ತಿದೆ.

"ಯಾರಾರ ಅಲ್ಲಾಡಿದ್ರಿ ಅಂದ್ರ ಕಾಲು ಮುರೀತೀನಿ," ಎಂದಳು ವನಜಾಕ್ಷಿ. ಕೈ ಇಳಿಸಿದೆ. ಸೋಮಣ್ಣನ ಹಲ್ಲು ಹೋಯಿತು, ಅವನೂ ಅಲ್ಲಾಡಲಿಲ್ಲ. ಅವಳು ಹುಟ್ಟು ಹಿಡಿದು ದಂಡೆಗೆ ನುಗ್ಗಿದಳು. ಒಬ್ಬನ ಮಂಡಿಗೆ ಬಿತ್ತು, ಇನ್ನೊಬ್ಬನ ದವಡೆಗೆ. ಮೂರನೆಯವನ ಬೆನ್ನ ಮೇಲೆ ಹುಟ್ಟೇ ಎರಡು ತುಂಡಾಯಿತು. ಸರ್ವೇಯರ್ ಮಾತ್ರ ದೋಣಿಯ ಮರೆಯಲ್ಲಿ ಬಗ್ಗಿಕೊಂಡು ಅಳೆಯುತ್ತಲೇ ಇದ್ದ. ಅಂಥ ಅಧಿಕಾರಿಯನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

"ದೋಣಿ ಪಾಸು," ಎಂದ ಅವನು ಹೊರಡುವಾಗ, ಹಿಂದಿಯಲ್ಲಿ. "ಆದರೆ ಅಮ್ಮಾ, ಮಾಲೀಕರ ಮೇಲೆ ಪೊಲೀಸ್ ಕೇಸಾದರೆ ನೋಂದಣಿ ಹೋಗುತ್ತದೆ. ಇವತ್ತಿನದನ್ನು ನಾನು ನೋಡಿಲ್ಲ. ಇನ್ನೊಮ್ಮೆ ಮಾಡಬೇಡಿ."

ನಂಬರ್ ಬಂತು. ವನಜಾಕ್ಷಿ ದೋಣಿಯ ಎರಡೂ ಬದಿಗೆ ಅದನ್ನು ಬಿಳಿ ಬಣ್ಣದಲ್ಲಿ ಬರೆಸಿದಳು. ಅರಿಶಿನ ಕುಂಕುಮ ಹಚ್ಚಿ, ತವರಿನ ಪದ್ಧತಿಯಂತೆ ಗಂಗವ್ವನಿಗೆ ಉಡಿ ತುಂಬಿ, ನಮಗೆಲ್ಲ ಹೋಳಿಗೆ ಹಂಚಿದಳು. ಹೆಗಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಗುಂಡಪ್ಪ ಅತ್ತ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಹೋಳಿಗೆ ಮುಗಿಸಿ ಕೈ ತೊಳೆದು ಅವಳು ಕೊಡಲಿ ತಗೊಂಡಳು.

ಮಟಮಟ ಮಧ್ಯಾಹ್ನ, ಪ್ರವಾಸಿಗರ ಎದುರಿಗೇ, ಬಬನ್ನನ ಹಳದಿ ಸಾಲಿನ ಈ ತುದಿಯಿಂದ ಶುರು ಮಾಡಿದಳು. ತಡೆಯಲು ಬಂದ ಆಳಿನ ಮುಂಗೈಗೆ ಕೊಡಲಿಯ ಹಿಂಬದಿ ಬಿತ್ತು, ಅವನು ಕೈ ಹಿಡಿದುಕೊಂಡು ಕೂಗುತ್ತ ಕೂತ. ಉಳಿದವರು ದೂರ ನಿಂತರು. ಬಬನ್ ಚಹಾದಂಗಡಿಯಲ್ಲಿ ಕುಳಿತಲ್ಲೇ ಫೋನ್ ತೆಗೆದ, ಮತ್ತೆ ಜೇಬಿಗಿಟ್ಟ. ಯಾರಿಗೆ ಫೋನ್ ಮಾಡುತ್ತಾನೆ? ಏನೆಂದು ದೂರು ಕೊಡುತ್ತಾನೆ? "ನಂಬರ್ ಐತೇನೊ ಇದಕ್ಕ? ಐತೇನ?" ಎನ್ನುತ್ತ ಅವಳು ಒಂದೊಂದನ್ನೇ ಕಡಿಯುತ್ತ ಹೋದಳು. ಹಲಗೆ ಸಿಡಿದು ಕೆನ್ನೆ ಹರಿದದ್ದೂ ಅವಳಿಗೆ ಗೊತ್ತಾಗಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಕೊನೆಯ ದೋಣಿಯ ತಳ ಬಿರಿದು ಮಗುಚಿದಾಗ ಅವಳ ಕೈ ನಿಂತಿತು. ಅದರ ಮೂತಿಯ ಕೆಳಗೆ ಹಳದಿ ಬಣ್ಣದ ಮೇಲೆ ಕುಂಕುಮವಿತ್ತು, ಅದಕ್ಕೆ ಅಂಟಿದ ಅಕ್ಕಿಕಾಳಿತ್ತು. ಬಬನ್ನನ ಯಾವ ದೋಣಿಗೂ ಯಾರೂ ಪೂಜೆ ಮಾಡಿದ್ದಿಲ್ಲ.

ಬಲೆ ಹೊತ್ತು ಬರುತ್ತಿದ್ದ ಶಾಮ ಬಲೆಯನ್ನು ಅಲ್ಲೇ ಕೆಡವಿದ. ಗುಂಡಪ್ಪನನ್ನು ಉಳಿಸಿದ ತಪ್ಪಿಗೆ ಬಬನ್ ಅವನ ದೋಣಿಗೂ ಹಳದಿ ಬಳಿಸಿ ತನ್ನ ಸಾಲಿಗೆ ಕಟ್ಟಿಸಿಕೊಂಡಿದ್ದ, ನಮಗದು ತಿಳಿದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತಾಯಿತು.

ಶಾಮ ಹತ್ತಿರ ಬಂದು ಅವಳ ಕಪಾಳಕ್ಕೆ ಹೊಡೆದ. ಕೊಡಲಿ ಅವಳ ಕೈಯಲ್ಲೇ ಇತ್ತು. ಮತ್ತೆ ಹೊಡೆದ. ತುಟಿ ಒಡೆದು ರಕ್ತ ಬಂತು. ಅವಳು ಕಣ್ಣು ಕೆಳಗೆ ಹಾಕಿ ನಿಂತಿದ್ದಳು. ನನಗೆ ಅವಳನ್ನು ನೋಡಲಾಗಲಿಲ್ಲ.

"ಮಾಝೀ ಹೋತಿ, ತಾಯಿ," ಎಂದ ಅವನು. ನನ್ನದಾಗಿತ್ತು ಅದು, ಅಕ್ಕಾ. ಹೇಳಿ ಮರಳಿನ ಮೇಲೆ ಕುಸಿದು ಕೂತ.

ವನಜಾಕ್ಷಿ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಠಾಣೆಯವರೆಗೂ ಬಿಡಲಿಲ್ಲ. ದಾರಿಯಲ್ಲಿ ನಾನು ಬುದ್ಧಿ ಹೇಳಿದೆ.

"ಸರ್ವೇಯರ್ ಹೇಳಿದ್ದು ನೆನಪಿಲ್ವೇನಮ್ಮ? ಕೇಸ್ ಆದ್ರೆ ನಿನ್ನ ನೋಂದಣಿ ಹೋಗುತ್ತೆ. ಇವನಿಗೆ ಒಂದು ದೋಣಿ ಕಟ್ಟಿಸಿಕೊಟ್ರೆ ಆಯ್ತಮ್ಮ."

"ಕಟ್ಟಿಸಿಕೊಡೂದು ಐತೇ ಐತ್ರಿ. ಆದ್ರ ನಾ ಮುರದಿದ್ದು ಏನಂತ ಅವ್ರು ಮೊದಲ ಬರೀಲಿ."

ಹವಾಲ್ದಾರ ಶಾಮನ ಮಾತು ಕೇಳಿ ಅದೇ ಹಳೆಯ ರಾಗ ತೆಗೆದ: ನಂಬರ್ ಇಲ್ಲ, ಬೋಟ್ ಇಲ್ಲ, ಮನೆಗೆ ಹೋಗಿ. ಅವಳಿಗೆ ತಪ್ಪಿಸಿಕೊಳ್ಳಲು ಅದಕ್ಕಿಂತ ಅಗಲವಾದ ಬಾಗಿಲು ಬೇಕಿರಲಿಲ್ಲ. ಅವಳು ಕೊಡಲಿಯನ್ನು ಅವನ ಮೇಜಿಗೆ ಹೊಡೆದಳು. ಅದು ಮರದಲ್ಲಿ ನಟ್ಟು ನಿಂತಿತು.

"ಅದು ದೋಣಿ. ನಾ ಅದನ್ನ ಮುರದೀನಿ. ಬರ್ಕೊ," ಎಂದಳು ತನ್ನ ಹರಕು ಹಿಂದಿಯಲ್ಲಿ. "ಬರಕೊಳ್ಳೂದಿಲ್ಲ ಅಂದ್ರ ಹೊರಗ ನಿಮ್ಮ ಜೀಪ್ ನಿಂತೈತಿ. ಅದಕ್ಕಾರ ನಂಬರ್ ಐತಲ್ಲ?"

ಇಬ್ಬರು ಪೇದೆಗಳು ಅವಳ ತೋಳು ತಿರುಚಿ ಗೋಡೆಗೆ ಒತ್ತಿದರು. ಮುಖ ಗೋಡೆಗೆ ಹತ್ತಿ ರಕ್ತದ ಗುರುತು ಮೂಡಿತು. ಅಷ್ಟಾದರೂ ಅವಳು ಅದೊಂದೇ ಮಾತು ಹೇಳುತ್ತಿದ್ದಳು, ಬರ್ಕೊ. ಹವಾಲ್ದಾರ ಬೆವರು ಒರೆಸಿಕೊಂಡು ಪೆನ್ನು ತೆರೆದ. ಅವಳ ನೋಂದಣಿ ಆ ಪೆನ್ನಿನ ತುದಿಯಲ್ಲಿ ಹೋಗುತ್ತಿದೆ ಎಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಬರೆದು ಮುಗಿಸಿ ಓದಿದ. ಆರೋಪಿ, ವನಜಾಕ್ಷಿ ಗುಂಡಪ್ಪ. ಹಾನಿಯಾದ ವಸ್ತು, ಒಂದು ಬೋಟ್. ಮಾಲೀಕ, ಶಾಮ.

ಶಾಮ ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಹೋದ. ಕೊನೆಯದನ್ನು ಇನ್ನೊಂದು ಸಲ ಓದಿ ಎಂದು ಕೇಳಿದ.