ಗುಬ್ಬಚ್ಚಿಗೆ ಪಟ್ಟಾ

ಮಂಡಿನೋವು ಬಂದದ್ದರಿಂದ ದೊಡ್ಡಮ್ಮ ಕೆರೆಗೆ ಇಳಿಯುವುದನ್ನು ಬಿಟ್ಟಳು ಎಂಬುದು ನಮ್ಮ ಮನೆಯಲ್ಲಿ ಚಲಾವಣೆಯಲ್ಲಿರುವ ಕತೆ. ನನ್ನ ಆಕ್ಷೇಪವಿದೆ. ಅದೇ ಮಂಡಿಗಳ ಮೇಲೆ ಆಕೆ ಸೊರಬದಲ್ಲಿ ಬಸ್ಸು ಹತ್ತಿ, ಕೂತವರನ್ನು ಎಬ್ಬಿಸಿ, ಕಿಟಕಿ ಪಕ್ಕದ ಜಾಗ ಹಿಡಿದು ಶಿಕಾರಿಪುರದ ನಮ್ಮ ಮನೆಗೆ ಬರುತ್ತಾಳೆ. ಮಂಡಿಯನ್ನು ಸಾಕ್ಷಿಗೆ ಕರೆದರೆ ಕೇಸು ಬಿದ್ದುಹೋಗುತ್ತದೆ.

ಇಷ್ಟು ದಿನ ಸುಮ್ಮನಿದ್ದವಳು ಈಗೇಕೆ ಬಾಯಿ ತೆರೆದೆ ಎಂದು ನೀವು ಕೇಳಬಹುದು. ಇವತ್ತು ಬೆಳಿಗ್ಗೆ ಗೂಡಿನಲ್ಲಿದ್ದ ನನ್ನ ಚರ್ಚಾಸ್ಪರ್ಧೆಯ ಕಪ್ಪನ್ನು ಒರೆಸಲು ತೆಗೆದೆ. ಒಳಗೆ ಕೈ ಹಾಕಿದೊಡನೆ ಏನೋ ಚುಚ್ಚಿತು. ನೋಡಿದರೆ ಎರಡು ಹಿಡಿ ಕರಿ ಭತ್ತ. ಒಂದೊಂದು ಕಾಳಿಗೂ ಬೆರಳುದ್ದದ ಮೀಸೆ. ನನ್ನ ಕೀರ್ತಿ ನಮ್ಮಮ್ಮನ ಲೆಕ್ಕದಲ್ಲಿ ಇಲಿ ಹತ್ತದ ಡಬ್ಬಿ.

ಈ ಭತ್ತವನ್ನು ಯಾರೂ ಬಿತ್ತಿದ್ದಲ್ಲ. ಸೊರಬದ ಕಡೆಯ ಉಳವಿಯ ಆಚೆ, ದೊಡ್ಡಮ್ಮನ ಊರಿನ ಕೆರೆಯಂಚಿನಲ್ಲಿ ತಾನೇ ಹುಟ್ಟಿ ತಾನೇ ಉದುರುವಂಥದು. ಋಷಿ ಪಂಚಮಿಯ ದಿನ ನೇಗಿಲು ಮುಟ್ಟಿದ ನೆಲದ ಕಾಳು ತಿನ್ನಬಾರದೆಂಬ ವ್ರತ ಆಕೆಯದು. ನೇಗಿಲಿನ ಮೇಲೆ ಋಷಿಗಳಿಗೆ ಅದೇನು ಸಿಟ್ಟೋ, ನಾನು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ. ಅದಕ್ಕಾಗಿ ಹಿಂದಿನ ವರ್ಷವೇ ಮೊಣಕಾಲುದ್ದ ನೀರಿಗಿಳಿದು, ತೆನೆ ಬಗ್ಗಿಸಿ, ಕೋಲಿನಿಂದ ಬುಟ್ಟಿಗೆ ಬಡಿದುಕೊಳ್ಳುತ್ತಿದ್ದಳು. ಅರ್ಧ ಬುಟ್ಟಿಗೆ, ಅರ್ಧ ನೀರಿಗೆ. ನೆಟ್ಟಗೆ ಬಡಿಯುವುದಕ್ಕೂ ಬರುವುದಿಲ್ಲವಲ್ಲ ಎಂದು ನಾನು ಛೇಡಿಸಿದರೆ, "ಕೆರೆ ಪಾಲು ಕೆರೆಗೆ ಮಾರಾಯ್ತಿ. ಎಲ್ಲಾ ನಾನೇ ಬಾಚ್ಕಂಡ್ರೆ ಬರೋ ವರ್ಷ ಅದು ಎಲ್ಲಿಂದ ಕೊಡತ್ತೆ?" ಎನ್ನುತ್ತಿದ್ದಳು.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ ನಾನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ಚರ್ಚೆಯ ವಿಷಯ 'ಉಳದವರಿಗೆ ನೆಲವಿಲ್ಲ'. ನನ್ನ ಪಾಲಿಗೆ ಬಂದದ್ದು ಪರ. ಇಂಗ್ಲಿಷ್ ಮೇಷ್ಟ್ರು ಒಂದು ಅಮೆರಿಕದ ಪತ್ರಿಕೆ ಕೊಟ್ಟು, "ಓದಮ್ಮ, ಉದಾಹರಣೆ ಸಿಗುತ್ತೆ" ಎಂದರು. ಅದರಲ್ಲಿ ಓಜಿಬ್ವೆ ಎಂಬ ಜನರ ಕುರಿತ ಲೇಖನವಿತ್ತು. 'ನೀರಿನ ಮೇಲೆ ಅನ್ನ ಬೆಳೆಯುವಲ್ಲಿಗೆ ಹೋಗಿ' ಎಂಬ ಹಿರಿಯರ ಮಾತು ಹಿಡಿದು, ಮೂಡಣ ಕಡಲಿನಿಂದ ತಲೆಮಾರುಗಟ್ಟಲೆ ನಡೆದು, ಸಮುದ್ರದಂಥ ಸರೋವರಗಳ ನಾಡಿಗೆ ಬಂದು ನೆಲೆಸಿದವರಂತೆ. ಆಮೇಲೆ ಬಿಳಿಯರ ಸರ್ಕಾರ ಕರಾರು ಬರೆಸಿಕೊಂಡು, ಕಾಡನ್ನೆಲ್ಲ ತೆಗೆದುಕೊಂಡು, ಅವರಿಗೆ 'ರಿಸರ್ವೇಷನ್' ಎಂದು ಒಂದು ತುಂಡು ನೆಲ ಕೊಟ್ಟಿತಂತೆ. ನಮ್ಮ ಬಸ್ಸಿನ ಮುಂದಿನ ಸೀಟು ಅಮಲ್ದಾರರಿಗೆ ರಿಸರ್ವ್ ಆಗಿರುತ್ತಿತ್ತಲ್ಲ, ಇವರದೂ ಅಂಥದೇ ಪುಣ್ಯ ಎಂದುಕೊಂಡೆ. ಮೊದಲು ಇಡೀ ಬಸ್ಸೇ ಅವರದಾಗಿತ್ತು ಎಂಬುದು ಹೊಳೆಯಲಿಲ್ಲ. ಬುದ್ಧಿವಂತೆ ಎಂದು ಹೆಸರಾದವರಿಗೆ ಕೆಲವು ಸಂಗತಿ ನಿಧಾನ. ಅವರ ಭತ್ತಕ್ಕೆ ಪತ್ರಿಕೆಯವರು ಬರೆದ 'ವೈಲ್ಡ್ ರೈಸ್' ಎಂಬ ಮಾತಿಗೆ ಮೇಷ್ಟ್ರು ಅಂಚಿನಲ್ಲಿ 'ಉಗ್ರ ಅಕ್ಕಿ' ಎಂದು ಅರ್ಥ ಬರೆದಿದ್ದರು.

ಒಂದು ಚಿತ್ರವಿತ್ತು. ದೋಣಿಯಲ್ಲಿ ಇಬ್ಬರು ಹೆಂಗಸರು. ಒಬ್ಬಳು ಗಳ ಊರುತ್ತಿದ್ದಾಳೆ, ಇನ್ನೊಬ್ಬಳು ಎರಡು ಕೋಲು ಹಿಡಿದು ತೆನೆ ಬಡಿಯುತ್ತಿದ್ದಾಳೆ. ಆಗ ನಮ್ಮಲ್ಲಿಗೆ ಬಂದಿದ್ದ ದೊಡ್ಡಮ್ಮ ಇಣುಕಿದಳು.

"ಯಾರೇ ಇವ್ರು?"

"ಇಂಡಿಯನ್ನರು."

"ನಮ್ಮವ್ರೇ ಅನ್ನು. ಯಾವ ತಾಲೂಕು?"

ಅಮೆರಿಕ ಎಂದೆ. ದಾರಿ ತಪ್ಪಿದ ಹಡಗಿನವರು ಇಟ್ಟ ಹೆಸರು ಅದು, ಆ ಭತ್ತಕ್ಕೆ ಅವರು ಮನೂಮಿನ್ ಅನ್ನುತ್ತಾರೆ ಎಂದೆಲ್ಲ ವಿವರಿಸಿದೆ.

"ಮನೆ ಮೀನಾ? ಶಿವ ಶಿವಾ!" ಎಂದವಳು ಮತ್ತೆ ಬಗ್ಗಿ ನೋಡಿದಳು. "ಅಲ್ಲ ಕಣೇ, ಇವಳೂ ಅರ್ಧ ನೀರಿಗೇ ಬೀಳಿಸ್ತಿದಾಳೆ. ಅವ್ರಿಗೂ ಪಂಚಮಿ ಇದ್ಯಾ?"

ನಾನು ನಕ್ಕು ಪುಟ ತಿರುಗಿಸಿದೆ. ಕೊನೆಯ ಪುಟದಲ್ಲಿ ಒಂದು ತೊಡಕಿತ್ತು. ಕಾಡು ಕೊಟ್ಟರೂ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ನೀರಿನ ಭತ್ತ ಬಡಿಯುವ ಹಕ್ಕು ತಮ್ಮದಾಗಿಯೇ ಇರಲಿ ಎಂದು ಆ ಜನ ಕರಾರಿನಲ್ಲೇ ಬರೆಸಿದ್ದರು. ಉಳದವರಿಗೂ ಹಕ್ಕುಂಟು ಎಂದಾಯಿತಲ್ಲ! ಅದು ಎದುರು ಪಕ್ಷದವರ ಪುಟ. ಚೊಕ್ಕಟವಾಗಿ ಮಡಿಚಿಟ್ಟೆ.

ಸ್ಪರ್ಧೆ ನಡೆದದ್ದು ಸಂತೆಯ ದಿನ, ಮೈಕು ಹಾಕಿ. ಓಜಿಬ್ವೆಯವರನ್ನು ವೇದಿಕೆಗೆ ಎಳೆತಂದು ಕೇಳಿದೆ: "ತಾನಾಗಿ ಬೆಳೆದದ್ದನ್ನು ಬಾಚಿಕೊಂಡವರು ಒಡೆಯರಾಗುವುದಾದರೆ, ಸ್ವಾಮಿ, ಗುಬ್ಬಚ್ಚಿಗೂ ಪಟ್ಟಾ ಬರೆದುಕೊಡಬೇಕಲ್ಲವೇ?" ಚಪ್ಪಾಳೆ ಸಂತೆಮಾಳದ ತನಕ ಕೇಳಿತಂತೆ. ಕಪ್ಪು ನನ್ನದಾಯಿತು.

ಚಪ್ಪಾಳೆ ತಟ್ಟಿದವರಲ್ಲಿ ಬಸವಣ್ಯಪ್ಪನೂ ಇದ್ದ. ಶಿಕಾರಿಪುರದ ಕಡೆಯವನು, ದೊಡ್ಡಮ್ಮನ ಊರಿಗೆ ಹೋಗಿ ಜಮೀನು ಮಾಡುತ್ತಿದ್ದವನು. ಮುಂದಿನ ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಆತ ಆ ಅಂಚಿಗೆ ಬದು ಹಾಕಿ ನೇಗಿಲು ಹೂಡಿದ. ದೊಡ್ಡಮ್ಮ ಹೋಗಿ ಕೇಳಿದರೆ ನಯವಾಗಿಯೇ ಹೇಳಿದನಂತೆ:

"ನೀವೇನು ಅದನ್ನ ಉಳ್ತಿದ್ರೇನ್ರೀ ಅಮ್ಮಾರೇ? ಗುಬ್ಬಚ್ಚಿಗೆ ಪಟ್ಟಾ ಇಲ್ಲ ಅಂತ ನಿಮ್ಮ ಹುಡುಗೀನೇ ಮೈಕಿನಾಗ ಹೇಳ್ಯಾಳ. ನಾನೂ ಚಪ್ಪಾಳೆ ಹೊಡದೀನಿ."

ಇದನ್ನು ದೊಡ್ಡಮ್ಮ ಹೇಳಿದ್ದು ನನಗೊಬ್ಬಳಿಗೇ. ಮನೆಯವರಿಗೆ ಹೇಳಿದ್ದು ಮಂಡಿನೋವು. ಯಾರನ್ನು ಉಳಿಸಲು ಎಂದು ವಾದಿಸುವ ಅಗತ್ಯವಿಲ್ಲ. ಆದರೆ ಅಂದಿನಿಂದ ಪ್ರತಿ ಸಲ ಬಂದಾಗಲೂ ಹೊರಗೆ ನಿಂತು, "ಗುಬ್ಬಚ್ಚಿ ಬಂದಿದೆ, ಬಾಗಿಲು ತೆಗಿಯೇ" ಎಂದು ಕೂಗುತ್ತಾಳೆ. ಎಂಥ ಮುದ್ದು ಎಂದು ಅಮ್ಮ ನಗುತ್ತಾಳೆ. ನಾನು ಎದ್ದು ಬಾಗಿಲು ತೆಗೆಯುತ್ತೇನೆ.

ನಿನ್ನೆಯೂ ತೆಗೆದೆ. ನಾಳೆ ಪಂಚಮಿ. ಕಪ್ಪಿನಲ್ಲಿರುವುದು ಆಕೆ ತಂದ, ಆ ಕೆರೆಯ ಕೊನೆಯ ಎರಡು ಹಿಡಿ. ಮಡಿಚಿದ್ದ ಆ ಪುಟವನ್ನು ಇವತ್ತು ಮಧ್ಯಾಹ್ನ ಬಿಡಿಸಿ ದೊಡ್ಡಮ್ಮನಿಗೆ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿ, "ಬರೆಸಿದ್ರಾ? ಜಾಣೆಯರು" ಎಂದಷ್ಟೇ ಹೇಳಿ ಕಪ್ಪನ್ನು ಮೊರಕ್ಕೆ ಬಗ್ಗಿಸಿದಳು. ಒಂದು ಹಿಡಿ ಒರಳಿಗೆ ಹಾಕಿದಳು. ಇನ್ನೊಂದನ್ನು ನನ್ನ ಅಂಗೈಗೆ ಸುರಿದು ಬೆರಳು ಮಡಿಸಿದಳು.

"ಇದು ಕೆರೆ ಪಾಲು. ಚೆಲ್ಲಿ ಬಾ."

ಮುಷ್ಟಿಯೊಳಗೆ ಮೀಸೆಗಳು ಚುಚ್ಚುತ್ತಿದ್ದವು. ಆಕೆ ಆಗಲೇ ಒನಕೆ ಎತ್ತಿದ್ದಳು.

"ದೊಡ್ಡಮ್ಮಾ, ಯಾವ ಕೆರೆಗೆ?"